ಜಪಾನಿಗೆ ಹೊರಟ ಮಕ್ಕಳಿಗೆ ಮನೆಯೊಳಗಿನ ಚಳಿಯ ಬಗ್ಗೆಯೂ ತಿಳಿಸಿ

ಮಾನ್ಯ ಸಂಪಾದಕರೇ,

ಜಪಾನಿಗೆ ಕೆಲಸಕ್ಕೆ ಹೊರಡುವ ಮಕ್ಕಳಿಗೆ ಭಾಷೆ ಕಲಿಸುವವರಿದ್ದಾರೆ, ಸಂದರ್ಶನಕ್ಕೆ ಅಣಿಗೊಳಿಸುವವರಿದ್ದಾರೆ. ಆದರೆ ಅಲ್ಲಿನ ಮನೆಗಳ ಒಳಗೆ ಚಳಿಗಾಲ ಹೇಗಿರುತ್ತದೆಂದು ನನ್ನ ಮಗಳಿಗೆ ಯಾರೂ ಹೇಳಿರಲಿಲ್ಲ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ಸರ್ಕಾರಗಳು ಮಾಡಿಕೊಂಡ ಕುಶಲ ಕಾರ್ಮಿಕರ ಒಪ್ಪಂದದ ಅಡಿಯಲ್ಲಿ ಅವಳು ಟೋಕಿಯೊ ಸಮೀಪದ ವೃದ್ಧಾಶ್ರಮವೊಂದಕ್ಕೆ ಆರೈಕೆಯ ಕೆಲಸಕ್ಕೆ ಹೋದವಳು. ಹೊರಗೆ ಓಡಾಡಲು ದಪ್ಪ ಕೋಟು ಒಯ್ಯಿರಿ ಎಂದಷ್ಟೇ ಅವಳಿಗೆ ಸಿಕ್ಕ ಸೂಚನೆ.

ಶಿರಸಿಯಲ್ಲಿ ಬೆಳೆದವಳಿಗೆ ಚಳಿ ಹೊಸದಲ್ಲ. ಧನುರ್ಮಾಸದ ಬೆಳಗುಗಳಲ್ಲಿ ಬಚ್ಚಲೊಲೆಯ ಮುಂದೆ ಕೂತು ಮೈ ಕಾಯಿಸಿಕೊಂಡೇ ಶಾಲೆಗೆ ಹೊರಡುತ್ತಿದ್ದಳು. ಆದರೆ ನಮ್ಮಲ್ಲಿ ಬಿಸಿಲೇರಿದರೆ ಚಳಿ ಬಿಟ್ಟುಹೋಗುತ್ತದೆ. ಟೋಕಿಯೊದಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪಮಾನ 1 ಡಿಗ್ರಿಯ ಆಸುಪಾಸು. ಹಿಮ ಸುರಿಯುವ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಮನೆಗಳನ್ನು ಶಾಖ ಹಿಡಿದಿಡುವಂತೆ ಕಟ್ಟುತ್ತಾರಾದರೆ, ಟೋಕಿಯೊ ಕಡೆಯ ಹಳೆಯ ಬಾಡಿಗೆ ಮನೆಗಳಲ್ಲಿ ಗೋಡೆಗೆ ಶಾಖ ತಡೆಯುವ ಪದರವೇ ಕಡಿಮೆ, ಕಿಟಕಿಗೆ ಅಲ್ಯೂಮಿನಿಯಂ ಚೌಕಟ್ಟು ಮತ್ತು ಒಂದೇ ಪದರದ ಗಾಜು. ಬೇಸಿಗೆಯ ಸೆಕೆಗೆ ಗಾಳಿಯಾಡಲೆಂದು ಕಟ್ಟುವ ರೂಢಿ ಅಲ್ಲಿ ಹಳೆಯದು. ಕರಾವಳಿ ಜಿಲ್ಲೆಯವರಾದ ನಮಗೆ ಅದು ಅರ್ಥವಾಗುವಂಥದ್ದೇ. ಶಾಖನಿರೋಧವೂ ಸೇರಿದ ಇಂಧನ ಉಳಿತಾಯದ ಮಾನದಂಡವನ್ನು ಎಲ್ಲ ಹೊಸ ಮನೆಗಳಿಗೂ ಕಡ್ಡಾಯ ಮಾಡಿದ್ದು 2025ರ ಏಪ್ರಿಲಿನಲ್ಲಿ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಮಗಳ ಅಡುಗೆಕೋಣೆಯಲ್ಲಿ ಬೆಳಿಗ್ಗೆ 6 ಡಿಗ್ರಿ ಇರುತ್ತಿತ್ತು.

ನಾನು ಈ ಪತ್ರ ಬರೆಯಲು ಕಾರಣವಾದದ್ದು ಸೀಮೆಎಣ್ಣೆಯ ಸ್ಟೋವ್. ಕೋಣೆ ಕಾಯಿಸಲು ಅಲ್ಲಿ ಇದು ಸಾಮಾನ್ಯ. ಮೊದಲ ಚಳಿಗಾಲದಲ್ಲಿ ಅವಳು ಅದನ್ನು ಹಚ್ಚಿ, ಶಾಖ ಹೋದೀತೆಂದು ಕಿಟಕಿ, ಬಾಗಿಲು ಭದ್ರವಾಗಿ ಮುಚ್ಚಿಕೊಂಡು ಕೂರುತ್ತಿದ್ದಳು. ಫೋನಿನಲ್ಲಿ ತಲೆನೋವು, ವಾಕರಿಕೆ ಎಂದಾಗ ಕೆಲಸದ ಆಯಾಸವೆಂದು ತಿಳಿದು ಹೊದ್ದು ಮಲಗು ಎಂದವಳು ನಾನೇ. ಅವಳ ಜೊತೆ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರು ವಿಚಾರಿಸಿ, ಆ ದಿನವೇ ಮನೆಗೆ ಬಂದು ಕಿಟಕಿ ತೆರೆಸದಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ನನಗೆ ನಿದ್ದೆ ಬರುವುದಿಲ್ಲ. ಹೊಗೆಯನ್ನು ಹೊರಗೆ ಬಿಡುವ ಕೊಳವೆಯಿಲ್ಲದ ಸ್ಟೋವಿನಿಂದ, ಗಾಳಿ ಸಾಲದಾದಾಗ, ಬಣ್ಣ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೋಣೆ ತುಂಬುತ್ತದೆ. ಎಷ್ಟೇ ಚಳಿಯಿರಲಿ, ಗಂಟೆಗೊಮ್ಮೆಯಾದರೂ ಕೆಲವು ನಿಮಿಷ ಕಿಟಕಿ ತೆರೆಯಬೇಕು, ಮಲಗುವ ಮುಂಚೆ ಆರಿಸಬೇಕು. ಸೀಮೆಎಣ್ಣೆ ಉರಿದಾಗ ನೀರಾವಿಯೂ ಹುಟ್ಟುವುದರಿಂದ ತಣ್ಣಗಿನ ಗಾಜಿನ ಮೇಲೆ ನೀರಿಳಿದು, ನಮ್ಮ ಮಳೆಗಾಲದಂತೆ ಗೋಡೆಗೆ ಬೂಸ್ಟು ಹಿಡಿಯುತ್ತದೆ. ಹಲವು ಬಾಡಿಗೆ ಮನೆಗಳಲ್ಲಿ ಈ ಸ್ಟೋವಿಗೆ ಅನುಮತಿಯೇ ಇಲ್ಲ.

ಅಲ್ಲಿ ಇಡೀ ಮನೆಯನ್ನಲ್ಲ, ಒಂದೊಂದು ಕೋಣೆಯನ್ನು ಕಾಯಿಸುತ್ತಾರೆ, ಬಚ್ಚಲು ಕೊರೆಯುತ್ತಿರುತ್ತದೆ. ಬೆಚ್ಚಗಿನ ಕೋಣೆಯಿಂದ ಅಲ್ಲಿಗೆ ಹೋಗಿ, ಬಟ್ಟೆ ಬಿಚ್ಚಿ, ಸುಡುನೀರಿನ ತೊಟ್ಟಿಗಿಳಿದಾಗ ರಕ್ತದೊತ್ತಡ ಏರಿಳಿದು ವೃದ್ಧರು ಕುಸಿಯುವುದುಂಟು. ನೀರು 41 ಡಿಗ್ರಿ ಮೀರದಿರಲಿ, ಹತ್ತು ನಿಮಿಷದೊಳಗೆ ಎದ್ದುಬರಲಿ ಎಂಬುದು ಅಲ್ಲಿನವರ ಎಚ್ಚರಿಕೆ. ವೃದ್ಧರ ಆರೈಕೆಗೆಂದೇ ಹೋಗುವ ನಮ್ಮ ಮಕ್ಕಳಿಗೆ ಇದು ಮೊದಲೇ ಗೊತ್ತಿರಬೇಡವೇ?

ಕಡಿಮೆ ಖರ್ಚಿನಲ್ಲಿ ಬೆಚ್ಚಗಿರುವ ಉಪಾಯಗಳನ್ನು ಮಗಳು ಈಗ ಕಲಿತಿದ್ದಾಳೆ. ಕೊತಾತ್ಸು ಎಂಬ ಗಿಡ್ಡ ಮೇಜಿನ ಅಡಿಯಲ್ಲಿ ಸಣ್ಣ ವಿದ್ಯುತ್ ಹೀಟರ್ ಇರುತ್ತದೆ, ಮೇಜಿನ ಸುತ್ತ ರಜಾಯಿ ಇಳಿಬಿಟ್ಟು ಕಾಲು ಚಾಚಿ ಕೂರುತ್ತಾರೆ. ಕೋಣೆ ಕಾಯಿಸುವುದಕ್ಕಿಂತ ಇದರ ಖರ್ಚು ಕಡಿಮೆ. ರಾತ್ರಿ ಹಾಸಿಗೆಯೊಳಗೆ ಬಿಸಿನೀರಿನ ಚೀಲ, ಕಿಟಕಿಗೆ ನೆಲ ಮುಟ್ಟುವ ದಪ್ಪ ಪರದೆ. ಕಬ್ಬಿಣದ ಪುಡಿ ತುಂಬಿದ, ಗಾಳಿ ತಗುಲಿದರೆ ಬಿಸಿಯಾಗುವ ಪೊಟ್ಟಣಗಳನ್ನು ಮಾತ್ರ ಬರಿಮೈಗೆ ಅಂಟಿಸಬಾರದು, ಗೊತ್ತಾಗದಂತೆಯೇ ಚರ್ಮ ಸುಡುತ್ತದೆ. ನಾನು ಕೊಟ್ಟ ಕೌದಿಯನ್ನು ಪೆಟ್ಟಿಗೆಯ ತೂಕ ಹೆಚ್ಚಾಯಿತೆಂದು ಅವಳು ಬಿಟ್ಟುಹೋಗಿದ್ದಳು; ಮರುವರ್ಷ ಅದನ್ನೇ ಕೇಳಿ ತರಿಸಿಕೊಂಡಳು.

ಕಾರವಾರ, ಅಂಕೋಲಾ, ಕುಮಟಾದ ಮಕ್ಕಳಿಗಂತೂ ನಮ್ಮ ಘಟ್ಟದ ಮೇಲಿನಷ್ಟು ಚಳಿಯ ಪರಿಚಯವೂ ಇಲ್ಲ. ಹೊರಡುವ ಮುನ್ನ ಅರ್ಧ ದಿನವಾದರೂ, ಅಲ್ಲಿ ಚಳಿಗಾಲ ಕಳೆದು ಬಂದವರಿಂದ ಈ ಪಾಠ ಹೇಳಿಸಬೇಕೆಂದು ಜಿಲ್ಲೆಯ ತರಬೇತಿ ಕೇಂದ್ರಗಳನ್ನು ಕೇಳಿಕೊಳ್ಳುತ್ತೇನೆ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಕೋಣೆಯನ್ನು ಯಾವುದರಿಂದ ಕಾಯಿಸಬೇಕು, ಗಾಳಿಗೆ ದಾರಿ ಎಲ್ಲಿದೆ ಎಂದು ಹೆತ್ತವರೂ ವಿಚಾರಿಸಲಿ.

— ಒಬ್ಬ ತಾಯಿ, ಶಿರಸಿ