ಬಾಗಿಲಿಗೆ ಅಂಟಿಸಿದ ಒಂದು ಹಾಳೆ

ಪುಟ್ಟಿ,

ಕೀನ್ಯಾದ ಪ್ರಧಾನಿ ಯಾರು ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಇಲ್ಲಿ ಆ ಹುದ್ದೆಯೇ ಇಲ್ಲ ಕಣೇ. 2007ರ ಚುನಾವಣೆ ಮುಗಿದ ಮೇಲೆ ಬುಡಕಟ್ಟುಗಳ ನಡುವೆ ಹೊಡೆದಾಟವಾಗಿ ಸಾವಿರಕ್ಕೂ ಜಾಸ್ತಿ ಜನ ಸತ್ತರು. ಆಗ ರಾಜಿಗೆಂದು ಪ್ರಧಾನಿ ಹುದ್ದೆ ಮಾಡಿ, 2013ರಲ್ಲಿ ತೆಗೆದುಬಿಟ್ಟರು. ಈಗ ಸರ್ಕಾರ ನಡೆಸುವುದು ಜನರೇ ನೇರವಾಗಿ ಆರಿಸಿದ ಅಧ್ಯಕ್ಷರು.

ಆ ಪೆಟ್ಟಿನಿಂದಲೇ 2010ರ ಸಂವಿಧಾನ ಬಂತು. ದೇಶವನ್ನು 47 ಕೌಂಟಿ (ನಮ್ಮ ಜಿಲ್ಲೆಗಳ ಹಾಗೆ) ಮಾಡಿದರು, ಒಂದೊಂದಕ್ಕೂ ಚುನಾಯಿತ ಗವರ್ನರ್. ಅಧ್ಯಕ್ಷರಾಗಲು ಅರ್ಧಕ್ಕಿಂತ ಹೆಚ್ಚು ವೋಟು ಬೇಕು, ಜೊತೆಗೆ ಕನಿಷ್ಠ 24 ಕೌಂಟಿಗಳಲ್ಲಿ ಕಾಲು ಭಾಗ ವೋಟಾದರೂ ಬರಬೇಕು. ಬರೀ ತಮ್ಮವರನ್ನೇ ನಂಬಿಕೊಂಡರೆ ಆಗಲ್ಲ, ಅಲ್ವಾ?

2022ರ ಆಗಸ್ಟ್ 9ರಂದು ನಮ್ಮ ಅಪಾರ್ಟ್‌ಮೆಂಟಿನ ಅಸ್ಕರಿ (ವಾಚ್‌ಮನ್‌ಗೆ ಇಲ್ಲಿ ಹಾಗೆ ಅನ್ನುತ್ತಾರೆ) ನಸುಕಿಗೇ ಕ್ಯೂ ನಿಂತಿದ್ದ. ಒಬ್ಬನಿಗೆ ಆರು ಬ್ಯಾಲೆಟ್! ಅಧ್ಯಕ್ಷ, ಗವರ್ನರ್, ಸೆನೆಟರ್, ಎಂಪಿ, ಕೌಂಟಿಯ ಮಹಿಳಾ ಪ್ರತಿನಿಧಿ, ವಾರ್ಡಿನ ಸದಸ್ಯ. ಎಣಿಕೆಯೂ ಅದೇ ಮತಗಟ್ಟೆಯಲ್ಲಿ. ಒಂದೊಂದೇ ಚೀಟಿ ಎತ್ತಿ ಏಜೆಂಟರಿಗೆಲ್ಲ ತೋರಿಸಿ, ಹೆಸರು ಕೂಗುತ್ತಾರೆ. ಆಮೇಲೆ ಅಧ್ಯಕ್ಷರ ಲೆಕ್ಕವನ್ನು 34ಎ ಅನ್ನುವ ಫಾರಂನಲ್ಲಿ ಬರೆದು, ಸಹಿ ಹಾಕಿಸಿ, ಒಂದು ಪ್ರತಿ ಬಾಗಿಲಿಗೆ ಅಂಟಿಸುತ್ತಾರೆ. ಮರುದಿನ ಅಸ್ಕರಿ ಅದರ ಫೋಟೋ ತೋರಿಸಿದ. ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೂ ಅದೇ ಹಾಳೆ ಇತ್ತು. ಇಬ್ಬರೂ ಕೂತು ಅಂಕಿ ತಾಳೆ ನೋಡಿದೆವು. ನನಗಿಲ್ಲಿ ವೋಟಿಲ್ಲ, ಸುಮ್ನೆ ಕುತೂಹಲ!

ಈ ಹಾಳೆಗೆ ಇಷ್ಟು ಬೆಲೆ ಬಂದಿದ್ದು 2017ರಲ್ಲಿ. ಆ ವರ್ಷದ ಅಧ್ಯಕ್ಷರ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ಉಹುರು ಕೆನ್ಯಾಟ ಸುಮಾರು 14 ಲಕ್ಷ ವೋಟಿನಿಂದ ಗೆದ್ದರೆಂದು ಘೋಷಣೆಯಾಗಿತ್ತು. ಫಲಿತಾಂಶ ಕಳಿಸಿದ ರೀತಿ ಸರಿಯಿಲ್ಲವೆಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗ ಅವರಿದ್ದ ಸುಪ್ರೀಂ ಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿತು. ಆಫ್ರಿಕಾದಲ್ಲಿ ಅದೇ ಮೊದಲು. ಕೆನ್ಯಾಟ ಕಿಡಿಕಾರಿದರು, ಆದರೂ ತೀರ್ಪು ಒಪ್ಪಿದರು. ಮರುಚುನಾವಣೆಯನ್ನು ಎದುರಾಳಿ ರೈಲಾ ಒಡಿಂಗಾ ಬಹಿಷ್ಕರಿಸಿದ್ದರಿಂದ ಮತ್ತೆ ಕೆನ್ಯಾಟ ಅವರೇ ಬಂದರು, ಅದು ಬೇರೆ ಮಾತು.

ಎಲ್ಲ ಚೆನ್ನಾಗಿದೆ ಅಂತ ತಿಳಿಯಬೇಡ. ಸಂಸತ್ತಿನಲ್ಲಿ ಒಂದೇ ಲಿಂಗದವರು ಮೂರನೇ ಎರಡು ಭಾಗ ಮೀರಬಾರದು ಅಂತ ಸಂವಿಧಾನ ಹೇಳುತ್ತದೆ. ಅದನ್ನು ಜಾರಿ ಮಾಡುವ ಕಾನೂನು ಮಾತ್ರ ಸಂಸತ್ತಿನಲ್ಲಿ ಮತ್ತೆ ಮತ್ತೆ ಬಿದ್ದುಹೋಗಿದೆ. 2024ರ ಜೂನ್‌ನಲ್ಲಿ ತೆರಿಗೆ ಮಸೂದೆ ವಿರುದ್ಧ ನಿನ್ನ ವಯಸ್ಸಿನವರೇ ಬೀದಿಗಿಳಿದರು. ಗುಂಡಿಗೆ ಹಲವರು ಬಲಿಯಾದ ಮೇಲೆ ಅಧ್ಯಕ್ಷ ರೂಟೊ ಮಸೂದೆ ಕೈಬಿಟ್ಟರು. ಅವತ್ತು ನಾನು ಆಫೀಸಿಗೆ ಹೋಗಲಿಲ್ಲ, ನಿನ್ನಮ್ಮನಿಗೆ ಹೇಳಿರಲಿಲ್ಲ ಅಷ್ಟೇ.

ಅಂದಹಾಗೆ, ನಿನಗೂ ಹದಿನೆಂಟು ತುಂಬಿತಲ್ಲ. ವೋಟರ್ ಲಿಸ್ಟಿಗೆ ಹೆಸರು ಸೇರಿಸಿದೆಯಾ?

ನಿನ್ನ ಅಪ್ಪ
ನೈರೋಬಿ