ಹಾವುರಾಣಿಗೂ ಒಂದು ಫಲಕ ಹಾಕಿ

ಮಾನ್ಯರೇ,

ಮೃಗಾಲಯದಲ್ಲಿ ಹುಲಿಯ ಮುಂದೆ ಅರ್ಧ ಗಂಟೆ ನಿಲ್ಲುವ ಜನ, ಅದೇ ಆವರಣದ ಕಟ್ಟೆಯ ಬುಡದಲ್ಲಿ ಬಿಸಿಲು ಕಾಯಿಸುತ್ತಿರುವ ಹಾವುರಾಣಿಯನ್ನು ಕಂಡರೆ ‘ಹಾವು!’ ಎಂದು ಕೂಗಿ ಕಲ್ಲು ಹುಡುಕುತ್ತಾರೆ. ಹಾವುರಾಣಿಗೆ ವಿಷವಿಲ್ಲ. ಅದು ಮುಟ್ಟಿದರೆ, ನೆಕ್ಕಿದರೆ ಸಾವು ಎಂಬ ಮಾತೂ ಸುಳ್ಳು. ಅದು ಹಾವೂ ಅಲ್ಲ, ಹಲ್ಲಿಯ ಬಳಗದ್ದು. ಎರಡು ಗುರುತು ನೋಡಿದರೆ ಸಾಕು: ಕಣ್ಣಿನ ಹಿಂದೆ ಕಿವಿಯ ತೂತು ಕಾಣುತ್ತದೆ, ರೆಪ್ಪೆ ಮಿಟುಕುತ್ತದೆ. ಹಾವಿಗೆ ಇವೆರಡೂ ಇಲ್ಲ. ಕಾಲು ಗಿಡ್ಡವಾದ್ದರಿಂದ ಎಲೆಯ ಮೇಲೆ ಜಾರಿದಂತೆ ಓಡುತ್ತದೆ, ಮೋಸವಾಗುವುದು ಅಲ್ಲೇ.

ನೋಡಲು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಗಂಟೆ ಒಳ್ಳೆಯ ಹೊತ್ತು. ಬಿಸಿಲು ಬಿದ್ದ ಕಲ್ಲಿನ ಅಂಚು, ಮರದ ಬೇರು, ಎಲೆರಾಶಿಯ ಬದಿ ಗಮನಿಸಬೇಕು. ಎರಡು ಮೀಟರ್ ದೂರದಲ್ಲಿ, ನಿಮ್ಮ ನೆರಳು ಅದರ ಮೇಲೆ ಬೀಳದಂತೆ ನಿಲ್ಲಿ. ಓಡಿಹೋದರೂ ಅಲುಗಾಡದೆ ಕಾದರೆ ಬಹುತೇಕ ಅದೇ ಜಾಗಕ್ಕೆ ಮರಳುತ್ತದೆ. ದೊಡ್ಡ ಜಾತಿ ಬಾಲ ಸೇರಿ ಒಂದು ಅಡಿಯ ಹತ್ತಿರ, ಬೆನ್ನು ಎಣ್ಣೆ ಹಚ್ಚಿದ ಕಂಚಿನಂತೆ. ಹುಲ್ಲಿನಲ್ಲಿ ಓಡಾಡುವ ಇನ್ನೊಂದು ಜಾತಿ ಗೇಣಿಗಿಂತ ಚಿಕ್ಕದು. ಹಿಡಿಯುವ ಆಸೆ ಮಾತ್ರ ಬೇಡ. ಬಾಲ ಕಳಚಿ ಬೀಳುತ್ತದೆ, ಅದರಲ್ಲಿ ಕೂಡಿಟ್ಟ ಕೊಬ್ಬೂ ಹೋಗುತ್ತದೆ. ಮತ್ತೆ ಬೆಳೆಯುವ ಬಾಲದೊಳಗೆ ಮೂಳೆ ಇರುವುದಿಲ್ಲ, ಮೃದ್ವಸ್ಥಿ ಮಾತ್ರ.

ಈ ಪ್ರಾಣಿಗೆ ಜನರ ಕಲ್ಲಷ್ಟೇ ಅಲ್ಲ, ಪೊರಕೆಯೂ ಅಪಾಯ. ದಾರಿ ಗುಡಿಸಲಿ, ತಕರಾರಿಲ್ಲ. ಆದರೆ ಮರದ ಬುಡದ ತರಗೆಲೆಯನ್ನೂ ನೆಲ ಕಾಣುವಂತೆ ಕೆರೆದು ತೆಗೆದರೆ ಅದು ತಿನ್ನುವ ಜಿರಲೆ, ಮಿಡತೆ, ಜೇಡಗಳಿಗೆ ನೆಲೆಯಿಲ್ಲ, ಸಡಿಲ ಮಣ್ಣಿನಲ್ಲಿಟ್ಟ ಮೊಟ್ಟೆಗೂ ಉಳಿಗಾಲವಿಲ್ಲ. ಸಂಜೆ ರಾಶಿ ಹಾಕಿ ಬೆಳಗಿನ ಜಾವ ಬೆಂಕಿ ಹಚ್ಚುವುದಂತೂ ಇನ್ನೂ ಕೆಟ್ಟದ್ದು. ರಾತ್ರಿ ರಾಶಿಯೊಳಗೆ ಸೇರಿಕೊಂಡ ಹಾವುರಾಣಿಯ ಮೈ ಆ ಹೊತ್ತಿಗೆ ತಣ್ಣಗಿರುತ್ತದೆ, ಬಿಸಿಲು ತಾಗುವ ತನಕ ಅದು ಚುರುಕಾಗಿ ಓಡಲಾರದು. ದಾರಿಯ ಅಂಚಿನಾಚೆ ಒಂದು ಮೀಟರ್ ಅಗಲ, ನಾಲ್ಕು ಬೆರಳು ದಪ್ಪ ಎಲೆ ಬಿಟ್ಟು, ಬೆಳಗಿನ ಬಿಸಿಲು ಬೀಳುವ ಕಡೆ ನಾಲ್ಕಾರು ಕೊರಡು, ಕಲ್ಲು ಇಟ್ಟರೆ ಸಾಕು. ಬೇಸಿಗೆಯಲ್ಲಿ ಬೆಂಕಿಯ ಭಯವಿದ್ದರೆ ಎಲೆಗೆ ನೀರು ಚಿಮುಕಿಸಬಹುದು.

ಹಲ್ಲಿಯ ಅಂಟುವ ಪಾದ ಇದಕ್ಕಿಲ್ಲ. ನುಣುಪು ಸಿಮೆಂಟಿನ ಚರಂಡಿಗೆ ಬಿದ್ದರೆ ಹತ್ತಲಾರದು, ಅಲ್ಲಲ್ಲಿ ಒರಟು ಹಲಗೆಯೊಂದನ್ನು ಓರೆಯಾಗಿಡಬೇಕು. ಸಿಹಿ ಪಾನೀಯದ ಡಬ್ಬಿ ಎಸೆದರೆ ಇರುವೆ, ನೊಣ ಬರುತ್ತವೆ, ಅವುಗಳ ಬೆನ್ನಿಗೆ ಹಾವುರಾಣಿ ತಲೆ ತೂರಿಸುತ್ತದೆ. ಹುರುಪೆಗಳು ಹಿಂದಕ್ಕೆ ಮುಖ ಮಾಡಿರುವುದರಿಂದ ಹಿಂದೆ ಸರಿಯುವಾಗ ತಗಡಿನ ಅಂಚಿಗೆ ಸಿಕ್ಕಿಬೀಳುತ್ತವೆ. ಮೃಗಾಲಯದಲ್ಲಿ ಕಸ ಎಸೆಯುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ನಿಷೇಧಿಸಿದೆ. ಮೇವಿನ ಕೋಣೆಯಲ್ಲಿ ಇಲಿಗೆಂದು ಇಟ್ಟ ಅಂಟುಹಲಗೆಗೂ ಇವು ಬೀಳುತ್ತವೆ. ಎಳೆದರೆ ಚರ್ಮ ಕಿತ್ತು ಬರುತ್ತದೆ. ಅಡುಗೆ ಎಣ್ಣೆ ಸವರಿ, ಅಂಟು ಸಡಿಲವಾಗುವ ತನಕ ಕಾದು, ಕಾಲಿನಿಂದ ಶುರುಮಾಡಿ ಬೆರಳಿನಲ್ಲಿ ಮೆಲ್ಲಗೆ ಬಿಡಿಸಬೇಕು.

ಪಂಜರವಿಲ್ಲದ ನೋಟ ಇದೊಂದೇ ಅಲ್ಲ. ಬನ್ನೇರುಘಟ್ಟದ ಕಡೆಯ ಬಂಡೆಗಳ ಮೇಲೆ ಬೆದೆಗಾಲದಲ್ಲಿ ಕೆಂಪು-ಕಪ್ಪು ಬಣ್ಣ ತಾಳುವ ಗಂಡು ಬಂಡೆ ಓತಿ, ಮೈಸೂರಿನ ಕಾರಂಜಿ ಕೆರೆಯ ಹೆಜ್ಜಾರ್ಲೆ, ಎಲ್ಲ ಕಡೆಯ ಓತಿಕ್ಯಾತ, ಅಳಿಲು ಇವೆ. ಹಕ್ಕಿಗಾದರೆ ನೋಡುವವರಿದ್ದಾರೆ. ನೆಲದ ಮೇಲೆ ಹರಿಯುವುದಕ್ಕೆ ಯಾರೂ ಇಲ್ಲ.

ಆದ್ದರಿಂದ ಕರ್ನಾಟಕ ಮೃಗಾಲಯ ಪ್ರಾಧಿಕಾರ ಇವುಗಳಿಗೂ ಫಲಕ ಹಾಕಿಸಲಿ. ನಿಜಗಾತ್ರದ ಚಿತ್ರ, ಕನ್ನಡದ ಹೆಸರು, ಹಾವುರಾಣಿಯ ಕೆಳಗೆ ದಪ್ಪ ಅಕ್ಷರದಲ್ಲಿ ‘ವಿಷವಿಲ್ಲ’. ಮಕ್ಕಳ ಕಣ್ಣಿನ ಎತ್ತರಕ್ಕೆ, ಎಲೆ ಬಿಟ್ಟ ಪಟ್ಟಿಯ ಪಕ್ಕದಲ್ಲೇ ನೆಟ್ಟರೆ ಚಿತ್ರ ನೋಡಿ ತಲೆ ತಿರುಗಿಸುವಷ್ಟರಲ್ಲಿ ಪ್ರಾಣಿಯೂ ಕಾಣುತ್ತದೆ.

– ಓದುಗರು, ಮೈಸೂರು