ಗಿಡ್ಡನಿಗೊಂದು ಪತ್ರ: ಮಳೆಗಾಲದಲ್ಲಿ ಮಾತ್ರ ಸ್ವಲ್ಪ

ಪ್ರೀತಿಯ ಗಿಡ್ಡ,

ವಾಟ್ಸಾಪಿನಲ್ಲಿ ಕಳಿಸಿದರೆ ನೀನು ಒಂದು ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಇಲ್ಲಿ, ಎಲ್ಲರೆದುರಿಗೆ ಬರೆಯುತ್ತಿದ್ದೇನೆ. ಬ್ಯಾಚಿನವರೆಲ್ಲ ಓದಲಿ. ಭದ್ರಾವತಿ ಬಸ್ಸಿನ ಕೋಳಿ ಯಾರದ್ದು ಅಂತ ಮಾತ್ರ ಯಾರೂ ಕೇಳಬೇಡಿ.

ಶಿವಮೊಗ್ಗದಲ್ಲಿ ಮಳೆ ಹಿಡಿದು ಮೂರು ವಾರ ಆಯಿತು. ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ತುಂಬ ಪಾಚಿ. ನಿನ್ನೆ ಬೆಳಿಗ್ಗೆ ಆರಕ್ಕೇ ಹುಡುಗರ ಕೈಗೆ ಕಡ್ಡಿಪೊರಕೆ ಕೊಟ್ಟು, ಬ್ಲೀಚಿಂಗ್ ಪೌಡರ್ ಎರಚಿ ಉಜ್ಜಿಸಿದೆ. 28 ಮೀಟರ್ ಉದ್ದ, 15 ಮೀಟರ್ ಅಗಲ ಅಂದರೆ ಎಷ್ಟು ಅಂತ ಆಡಿದವನಿಗಿಂತ ಉಜ್ಜಿದವನಿಗೆ ಚೆನ್ನಾಗಿ ಗೊತ್ತು. ಮುಗಿಯುವ ಹೊತ್ತಿಗೆ ಮತ್ತೆ ಜಿಟಿಜಿಟಿ ಶುರು. ತಮಾಷೆ ಏನು ಗೊತ್ತಾ? ಈ ಆಟ ಹುಟ್ಟಿದ್ದೇ ಹೊರಗೆ ಆಡೋಕೆ ಆಗಲ್ಲ ಅಂತ. 1891ರ ಡಿಸೆಂಬರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್, ಹೊರಗೆ ಕೊರೆಯುವ ಚಳಿ, ಒಳಗೆ ಕೂತು ಬೇಜಾರಾದ ಹುಡುಗರು. ಜೇಮ್ಸ್ ನೈಸ್ಮಿತ್ ಅನ್ನೋ ಮೇಷ್ಟ್ರು ಪೀಚ್ ಹಣ್ಣಿನ ಎರಡು ಬುಟ್ಟಿ ತಂದು ಜಿಮ್‌ನ ಗ್ಯಾಲರಿಗೆ ಹೊಡೆದರು. ಸೂರಿನ ಕೆಳಗೆ ಆಡಲೆಂದೇ ಮಾಡಿದ ಆಟವನ್ನು ನಾವು ತಂದು ಮಲೆನಾಡಿನ ಬಯಲಲ್ಲಿ ಇಟ್ಟಿದ್ದೇವೆ.

ಆ ಮೇಷ್ಟ್ರು ಆಮೇಲೆ ಕಾನ್ಸಾಸ್ ವಿಶ್ವವಿದ್ಯಾಲಯದ ಕೋಚ್ ಆದರು. 55 ಗೆದ್ದರು, 60 ಸೋತರು. ಆಟ ಹುಟ್ಟಿಸಿದವರೇ ಸೋತಿದ್ದು ಜಾಸ್ತಿ! ಪ್ರಿನ್ಸಿಪಾಲರು ಈ ವರ್ಷದ ರಿಸಲ್ಟ್ ಏನು ಅಂತ ಕೇಳಿದಾಗ ಇದನ್ನು ಹೇಳಿದೆ. ‘ಅವರಿಗೆ ಕಾಲೇಜಿಗೆ ಗ್ರೇಡ್ ಹಾಕುವ ನ್ಯಾಕ್ ಇರಲಿಲ್ಲ ಬಿಡಿ’ ಅಂದರು.

ಅಲ್ಲಿ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳದ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿರುವುದು ಗವರ್ನರ್ ಅಲ್ಲ, ಕಾಲೇಜಿನ ಕೋಚ್. ಇಲ್ಲಿ ನಾನು ಜೂನಿನಲ್ಲಿ ಅಡ್ಮಿಷನ್ ಕೌಂಟರ್, ಆಗಸ್ಟಿನಲ್ಲಿ ಧ್ವಜದ ಹಗ್ಗ, ಚುನಾವಣೆ ಬಂದರೆ ಡ್ಯೂಟಿ, ವಾರ್ಷಿಕೋತ್ಸವಕ್ಕೆ ಮೈಕ್ ಟೆಸ್ಟಿಂಗ್. ಉಳಿದ ಹೊತ್ತಿನಲ್ಲಿ ಬ್ಯಾಸ್ಕೆಟ್‌ಬಾಲ್. ಹತ್ತೊಂಬತ್ತು ವರ್ಷ ಆಯಿತು ಮಾರಾಯ.

ಜಾನ್ ವುಡನ್ ಅಂತ ಅಲ್ಲಿ ಇನ್ನೊಬ್ಬ ಕೋಚ್ ಇದ್ದರು. 1948ರಲ್ಲಿ ಕ್ಯಾಲಿಫೋರ್ನಿಯಾದ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಬಂದವರು ಮೊದಲ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಿದ್ದು 1964ರಲ್ಲಿ. ಆಮೇಲೆ 1975ರೊಳಗೆ ಒಟ್ಟು ಹತ್ತು. ಹದಿನಾರು ವರ್ಷ ಕಾದರಲ್ಲ ಅಂತ ನಾನೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ, ಹದಿನೇಳನೇ ವರ್ಷದ ತನಕ. ಅವರು ಹೊಸ ಹುಡುಗರಿಗೆ ಮೊದಲು ಹೇಳಿಕೊಡುತ್ತಿದ್ದಿದ್ದು ಸಾಕ್ಸ್ ಹಾಕುವುದನ್ನ. ಹಿಮ್ಮಡಿ ಹತ್ತಿರ, ಬೆರಳ ಹತ್ತಿರ ಒಂದು ಸುಕ್ಕೂ ಇರಬಾರದು, ಇದ್ದರೆ ಬೊಬ್ಬೆ ಏಳುತ್ತದೆ. ನಾನೂ ಒಂದು ವರ್ಷ ಭಾರೀ ಗತ್ತಿನಲ್ಲಿ ಇದನ್ನು ಶುರು ಮಾಡಿದೆ. ಹನ್ನೆರಡು ಹುಡುಗರಲ್ಲಿ ನಾಲ್ವರಿಗೆ ಸಾಕ್ಸೇ ಇರಲಿಲ್ಲ.

ಆ ನಾಲ್ವರಲ್ಲಿ ಒಬ್ಬ ಕಳೆದ ಭಾನುವಾರ ಸಿಕ್ಕಿದ್ದ. ಮಂಡಗದ್ದೆಯ ಟೀ ಅಂಗಡಿ ಮುಂದೆ. ತೀರ್ಥಹಳ್ಳಿ ಕಡೆಯ ಹುಡುಗ, ಆರಡಿ ಮೂರಿಂಚು. ನಿಜ ಹೇಳಬೇಕು ಅಂದರೆ ಎತ್ತರ ನೋಡಿಯೇ ಹಿಡಿದು ತಂದಿದ್ದೆ, ಅವನು ಬಂದಿದ್ದು ಬಿ.ಕಾಂ. ಓದೋಕೆ. ಈಗ ಪಿಕಪ್ ಓಡಿಸುತ್ತಾನೆ, ಅಡಿಕೆ ಮಂಡಿಗೆ ಮೂಟೆ ಸಾಗಿಸುತ್ತಾನೆ. ನನ್ನನ್ನು ನೋಡಿ ಗಾಡಿ ನಿಲ್ಲಿಸಿದ. ಇಳಿಯುವಾಗ ಮೊದಲು ಬಲಗಾಲು ಊರಿದ, ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡ, ಆಮೇಲೆ ಎಡಗಾಲನ್ನು ನಿಧಾನಕ್ಕೆ ಕೆಳಗೆ ತಂದ, ಮೂಟೆ ಇಳಿಸಿದ ಹಾಗೆ. ‘ಈಗ ಪರವಾಗಿಲ್ಲ ಸರ್. ಮಳೆಗಾಲದಲ್ಲಿ ಮಾತ್ರ ಸ್ವಲ್ಪ’ ಅಂದ. ನಾನು ಏನೂ ಕೇಳಿರಲಿಲ್ಲ.

ನಮ್ಮ ಕಡೆ ‘ಮಳೆಗಾಲದಲ್ಲಿ ಮಾತ್ರ’ ಅಂದರೆ ವರ್ಷಕ್ಕೆ ಎಷ್ಟು ತಿಂಗಳು ಅಂತ ನಿನಗೆ ಗೊತ್ತಲ್ವಾ.

ಅವನು ಕಾಲೇಜಿನಲ್ಲಿದ್ದಾಗಿನ ಫೈನಲ್ ಮ್ಯಾಚ್ ಅದು. ಹಿಂದಿನ ದಿನವೇ ಅವನ ಮೊಣಕಾಲು ಊದಿತ್ತು. ‘ಆಡ್ತೀಯೇನೋ?’ ಅಂತ ಕೇಳಿದೆ. ಕೋಚ್ ಹಾಗೆ ಕೇಳಿದರೆ ಯಾವ ಹುಡುಗ ಇಲ್ಲ ಅಂತಾನೆ? ಸ್ಪ್ರೇ ಹೊಡೆದು ಕಳಿಸಿದೆ. ಕೊನೇ ಕ್ವಾರ್ಟರಿನಲ್ಲಿ ಬುಟ್ಟಿಗೆ ಬೀಳದೆ ಚಿಮ್ಮಿದ ಬಾಲಿಗೆ, ಅಂದರೆ ರಿಬೌಂಡಿಗೆ, ಹಾರಿ ಇಳಿದ, ಕುಸಿದ. ಯಾರೂ ಮುಟ್ಟಿರಲಿಲ್ಲ. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಿತ್ತು. ಅದು ಹೆಚ್ಚಾಗಿ ಹೋಗುವುದೇ ಹಾಗೆ, ಯಾರೂ ಮುಟ್ಟದೆ, ನೆಲಕ್ಕೆ ಇಳಿಯುವಾಗ ಇಲ್ಲ ಗಕ್ಕನೆ ತಿರುಗುವಾಗ. ಆಪರೇಷನ್ ಮಾಡಿಸಿದರೂ ಮತ್ತೆ ಆಡೋಕೆ ಒಂಬತ್ತು ತಿಂಗಳಾದರೂ ಬೇಕು. ಅವನ ಮನೆಯಲ್ಲಿ ಅದಕ್ಕೆ ದುಡ್ಡೂ ಇರಲಿಲ್ಲ, ಅಷ್ಟರಲ್ಲಿ ಡಿಗ್ರಿಯೂ ಮುಗಿಯಿತು. ರೈಲ್ವೆಯಲ್ಲಿ ಸ್ಪೋರ್ಟ್ಸ್ ಕೋಟಾ ಇದೆ ಕಣೋ ಅಂತ ಮೂರು ವರ್ಷ ಅವನ ತಲೆ ತುಂಬಿದವನು ನಾನೇ.

ಎರಡು ಪಾಯಿಂಟಿನಲ್ಲಿ ಗೆದ್ದೆವು. ಆ ವರ್ಷ ನನ್ನನ್ನು ಪರ್ಮನೆಂಟ್ ಮಾಡುವ ಮಾತು ಮ್ಯಾನೇಜ್‌ಮೆಂಟ್ ಮುಂದೆ ಇತ್ತು. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಊದಿದ ಕಾಲು ನೋಡಿದಾಗ ನನಗೆ ಮೊದಲು ನೆನಪಾಗಿದ್ದು ಆ ಫೈಲು. ಪರ್ಮನೆಂಟ್ ಆಯಿತು. ಕಪ್ ಪ್ರಿನ್ಸಿಪಾಲರ ಟೇಬಲ್ ಮೇಲಿದೆ, ಅದರಲ್ಲಿ ಪೆನ್ನು, ಒಂದು ಸ್ಟೇಪ್ಲರ್ ಇಟ್ಟಿದ್ದಾರೆ.

ನಿನ್ನ ಪಾದ ನೆನಪಾಯಿತು ಕಣೋ. ಬನ್ನಿನ ಹಾಗೆ ಊದಿದ ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿ ನಿನ್ನನ್ನು ಕೋರ್ಟಿನ ಒಳಗೆ ತಳ್ಳಿದ ನಮ್ಮ ಆಗಿನ ಕೋಚಿಗೆ ಅವತ್ತು ಹಾಸ್ಟೆಲಿನಲ್ಲಿ ರಾತ್ರಿಯಿಡೀ ನಾನು ಬೈದಿದ್ದೆ. ನೀನು ಬೈಯಲೇ ಇಲ್ಲ. ಈ ಹುಡುಗನೂ ಬೈಯಲಿಲ್ಲ. ಟೀ ದುಡ್ಡು ಕೊಡೋಕೂ ಬಿಡಲಿಲ್ಲ. ‘ನಿಮ್ಮಿಂದ ಸರ್, ಕಾಲೇಜಲ್ಲಿ ಎಲ್ಲರಿಗೂ ನಾನು ಗೊತ್ತಿದ್ದೆ’ ಅಂದ. ನಗುತ್ತಲೇ ಅಂದ. ಅವನು ಒಂದೇ ಒಂದು ಮಾತು ಚುಚ್ಚಿ ಆಡಿದ್ದರೆ ನಾನು ಭಾನುವಾರದಿಂದ ಸರಿಯಾಗಿ ನಿದ್ದೆ ಮಾಡುತ್ತಿದ್ದೆ ಅನ್ಸುತ್ತೆ.

ಅಯ್ಯೋ, ಎಲ್ಲಿಗೋ ಹೋಯಿತು. ಪಾಚಿ ಬಗ್ಗೆ ನಾಲ್ಕು ಸಾಲು ಬರೆಯೋಣ ಅಂತ ಕೂತಿದ್ದೆ. ಇದನ್ನು ಓದಿ ಯಾರೂ ‘ನೀವು ಗ್ರೇಟ್ ಸರ್’ ಅಂತೆಲ್ಲ ಕೆಳಗೆ ಬರೆಯಬೇಡಿ, ಕೈ ಮುಗಿಯುವ ಚಿತ್ರವೂ ಬೇಡ. ಈಗ ಹೊಟ್ಟೆಯೂ ಬಂದಿದೆ ಗಿಡ್ಡ. ಡೆಮೋ ತೋರಿಸೋಕೆ ಹೋಗಿ, ಓಡಿ ಬಂದು ಹತ್ತಿರದಿಂದ ಬುಟ್ಟಿಗೆ ಹಾಕುವ ಲೇಅಪ್ ಹಾರಿದರೆ ಬಾಲ್ ಮೇಲೆ ಹೋಗುತ್ತದೆ, ನಾನು ಹೋಗಲ್ಲ. ಹುಡುಗರು ಮರ್ಯಾದೆಗೆ ಆ ಕಡೆ ತಿರುಗಿಕೊಂಡು ನಗುತ್ತಾರೆ.

ದಸರಾ ರಜಕ್ಕೆ ಬಾ. ಬರುವಾಗ ಹನ್ನೆರಡು ಜೊತೆ ಸಾಕ್ಸ್ ತಾ, ದೊಡ್ಡ ಸೈಜು, ನಿನ್ನ ಕಾಲಿನ ಅಳತೆ ಕೊಟ್ಟು ಮರ್ಯಾದೆ ತೆಗೆಯಬೇಡ. ತರದಿದ್ದರೆ ಪೊರಕೆ ರೆಡಿ ಇದೆ. ಕೋಳಿ ವಿಷಯದಲ್ಲಿ ನಾನು ಇನ್ನೂ ಬಾಯಿ ಬಿಟ್ಟಿಲ್ಲ, ಅದೂ ನೆನಪಿರಲಿ.

ಇತಿ,
ಎಡಗೈ ಲೇಅಪ್ ಇವತ್ತಿಗೂ ಬಾರದ ನಿನ್ನ ಕ್ಯಾಪ್ಟನ್